ರೋಗಕ್ಕೆ ಹೊಣೆ ಯಾರು?

ಒಂದು ಮನೆಯಲ್ಲಿ ರೋಗವು ತಲೆಮಾರಿನಿಂದ ತಲೆಮಾರಿಗೆ ಇಳಿದು ಬಂದರೆ ನಮ್ಮ ಬಾಯಿಂದ ಹೊರಡುವ ಮೊದಲ ಪ್ರಶ್ನೆ, 'ಇದು ಯಾರ ಪಾಪದ ಫಲ?' ಎಂಬುದೇ ಅಲ್ಲವೆ? ಓದುಗ ಬಂಧುಗಳೇ, ಆ ಪ್ರಶ್ನೆಯನ್ನೇ ಇಂದು ಪರೀಕ್ಷಿಸಿ ನೋಡೋಣ.

ಎನ್.ಎಫ್.-2 ಎಂಬ ವಿರಳವಾದ ಆನುವಂಶಿಕ ವ್ಯಾಧಿಯೊಂದುಂಟು. ಕಿವಿಯಿಂದ ಮೆದುಳಿಗೆ ಹೋಗುವ ನರದ ಮೇಲೆ, ಸಾಮಾನ್ಯವಾಗಿ ಎರಡೂ ಪಾರ್ಶ್ವಗಳಲ್ಲಿ, ಗಡ್ಡೆಗಳು ಬೆಳೆಯುತ್ತವೆ. ಅವು ಕ್ಯಾನ್ಸರ್ ಅಲ್ಲ. ಆದರೂ ಶ್ರವಣವನ್ನೂ ನಡಿಗೆಯ ಸಮತೋಲವನ್ನೂ ಮೆಲ್ಲಮೆಲ್ಲನೆ ಕಸಿಯುತ್ತವೆ. ಇದಕ್ಕೆ ಕಾರಣವಾದ, 22ನೆಯ ವರ್ಣತಂತುವಿನಲ್ಲಿರುವ ಜೀನನ್ನು ವಿಜ್ಞಾನಿಗಳು 1993ರಲ್ಲಿ ಗುರುತಿಸಿದರು. ಜೀವಕೋಶಗಳ ಬೆಳವಣಿಗೆಗೆ ಕಡಿವಾಣ ಹಾಕುವ ಒಂದು ಪ್ರೋಟೀನು ಅದರಿಂದ ಸಿದ್ಧವಾಗಬೇಕು. ಜೀನು ಕೆಟ್ಟರೆ ಆ ಕಡಿವಾಣ ಕಳಚುತ್ತದೆ.

ತಂದೆಗಾಗಲಿ ತಾಯಿಗಾಗಲಿ ಈ ದೋಷವಿದ್ದರೆ ಪ್ರತಿಯೊಂದು ಮಗುವಿಗೂ ಅದು ಬರುವ ಸಂಭವ ಸಾಮಾನ್ಯವಾಗಿ ಶೇಕಡಾ 50. ಆದರೆ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಯ ತಂದೆತಾಯಿಗಳಲ್ಲಿ ಇದರ ಸುಳಿವೇ ಇರುವುದಿಲ್ಲ. ಹಾಗಿರುವಾಗ ವಂಶವನ್ನು ದೂರುವುದೆಂತು? ವಂಶದಿಂದಲೇ ಬಂದಾಗಲೂ 'ದೋಷ'ವೆಂದರೆ ಕೊರತೆಯೇ ಹೊರತು ಅಪರಾಧವಲ್ಲ. ಅಪರಾಧಕ್ಕೆ ಸಂಕಲ್ಪ ಬೇಕು. ಯಾವ ತಾಯಿಯೂ ಇದನ್ನು ಆಯ್ದು ಕೊಟ್ಟವಳಲ್ಲ. ಹುಟ್ಟಿನಿಂದ ಮನುಷ್ಯನನ್ನು ಅಳೆಯಲಾಗದೆಂದು 12ನೆಯ ಶತಮಾನದಲ್ಲಿ ಸಾರಿದ ಶರಣರ ಪರಂಪರೆ ನಮ್ಮದು. ಹುಟ್ಟಿನೊಡನೆ ಬಂದ ರೋಗದಿಂದ ಅವನನ್ನು ಅಳೆಯುವುದು ಯಾವ ನ್ಯಾಯ?

ಹಾಗೆಂದು ಹೊಣೆಯೇ ಇಲ್ಲವೆಂದಲ್ಲ. ರೋಗ ಬಂದುದಕ್ಕೆ ನಾವು ಹೊಣೆಯಲ್ಲ. ಬಂದಮೇಲೆ ನಡೆದುಕೊಳ್ಳುವ ಬಗೆಗೆ ಹೊಣೆಗಾರರು. ಮಕ್ಕಳ ಮದುವೆಗೆ ಅಡ್ಡಿಯಾದೀತೆಂದು ಇಂಥದನ್ನು ಮುಚ್ಚಿಡುವವರುಂಟು. ಅವರ ಭಯ ಸುಳ್ಳಲ್ಲ. ಅದನ್ನು ಹುಟ್ಟಿಸಿದವರು ನಾವೇ. ಗಡ್ಡೆ ಚಿಕ್ಕದಿರುವಾಗಲೇ ಎಂ.ಆರ್.ಐ. ಪರೀಕ್ಷೆಯಿಂದ ಕಂಡುಬಂದರೆ ಎಷ್ಟು ಕಾಲ ಕಾಯಬಹುದು, ಯಾವಾಗ ಶಸ್ತ್ರಚಿಕಿತ್ಸೆ ಮಾಡಬೇಕು ಎಂಬುದನ್ನು ವೈದ್ಯರು ವಿವೇಚಿಸಬಲ್ಲರು. ಮುಚ್ಚಿಟ್ಟ ಮನೆಯ ಮಗುವು ಆ ಅಮೂಲ್ಯ ಕಾಲವನ್ನೇ ಕಳೆದುಕೊಳ್ಳುತ್ತದೆ. ಆದುದರಿಂದ ಮಕ್ಕಳಿಗೆ ತಿಳಿಸುವುದು ಹಿರಿಯರ ಧರ್ಮ. ತಿಳಿದಮೇಲೆ ಆ ಮನೆಯನ್ನು ದೂರಮಾಡದಿರುವುದು ಸಮಾಜದ ಧರ್ಮ. ಎರಡನೆಯದನ್ನು ಪಾಲಿಸದೆ ಮೊದಲನೆಯದನ್ನು ವಿಧಿಸುವ ಅಧಿಕಾರ ನಮಗಿಲ್ಲ.

ದೀಕ್ಷೆಯಲ್ಲಿ ಗುರುವು ಮಂತ್ರವನ್ನು ಕಿವಿಯಲ್ಲಿ ಉಸುರುತ್ತಾನೆ, ಇಷ್ಟಲಿಂಗವನ್ನು ಅಂಗೈಯಲ್ಲಿ ಇರಿಸುತ್ತಾನೆ. ಕಿವಿ ಮುಚ್ಚಿತೆಂದು ಅಂಗೈ ಮುಚ್ಚುವುದಿಲ್ಲ. ಕೇಳದವರ ಎದುರು ಕುಳಿತು ನಿಧಾನವಾಗಿ ಮಾತನಾಡುವುದು, ಬರೆದು ತಿಳಿಸುವುದು, ಸಮತೋಲ ತಪ್ಪುವವರಿಗೆ ಕತ್ತಲೆಯಲ್ಲಿ ಕೈಯಾಸರೆ ನೀಡುವುದು, ಇವೂ ದಾಸೋಹವೇ. 'ಯಾರ ಪಾಪ?' ಎಂದು ಕೇಳುವುದನ್ನು ಬಿಟ್ಟು 'ನನ್ನಿಂದ ಆಗಬೇಕಾದುದೇನು?' ಎಂದು ಕೇಳಿಕೊಳ್ಳೋಣ.