ಆಟದ ಪ್ರಯೋಜನವೇನು?

ಒಡೆದ ಹೆಂಚಿನ ಚೂರೊಂದನ್ನು ಹೆಕ್ಕಿಕೊಂಡು, ಅದರ ಅಂಚನ್ನು ಕಲ್ಲಿಗೆ ಉಜ್ಜಿ ನಯಗೊಳಿಸಿ, ನೆಲದ ಮೇಲೆ ಗೆರೆ ಎಳೆದು ಒಂಟಿಕಾಲಿನಲ್ಲಿ ಕುಂಟುತ್ತ ಹೋಗುವ ಹುಡುಗಿಗೆ ಆ ಹೊತ್ತಿನಲ್ಲಿ ಬೇರೇನೂ ಬೇಕಿರುವುದಿಲ್ಲ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದಾಗ ಅವರ ಮನಸ್ಸಿನಲ್ಲಿದ್ದುದು ಮನೆಯ ಮಾಡು. ಮಾಡಿಗೆ ಒದಗದ ಚೂರು ಮಕ್ಕಳ ಕೈಯಲ್ಲಿ ಬಿಲ್ಲೆಯಾಯಿತು. ಆಟಿ ತಿಂಗಳ ಮಳೆ ಹೊರಗೆ ಹೋಗಗೊಡದ ದಿನಗಳಲ್ಲಿ 14 ಗುಳಿಗಳ ಚೆನ್ನೆಮಣೆ, ಅದಕ್ಕೆ ಕೆಂಪು ಮಂಜೊಟ್ಟಿಯ ಕಾಳು. ಘಟ್ಟದ ಮೇಲೆ ಅದೇ ಅಳಿಗುಳಿಮಣೆ, ಹುಣಿಸೆ ಬೀಜ. ಏಳು ಚಪ್ಪಟೆ ಕಲ್ಲು, ಒಂದು ಬಟ್ಟೆಯ ಚೆಂಡು ಇದ್ದರೆ ಲಗೋರಿ. ಮಕ್ಕಳ ಸಂತೋಷಕ್ಕೆ ಬೇಕಾದ ಬಂಡವಾಳ ಇಷ್ಟೇ.

ಇದರಿಂದ ಏನು ಪ್ರಯೋಜನ? ಪ್ರಶ್ನೆ ಹಳೆಯದು, ಉತ್ತರ ಮಾತ್ರ ಬದಲಾಗಿದೆ. ಹಿಂದಿನವರು ‘ಏನೂ ಇಲ್ಲ, ಹೋಗಿ ಓದಿಕೊಳ್ಳಿ’ ಎಂದು ಗದರಿಸುತ್ತಿದ್ದರು. ಇಂದಿನ ವಿದ್ಯಾವಂತ ತಂದೆತಾಯಿಯರು ಚೆನ್ನೆಮಣೆಯಿಂದ ಲೆಕ್ಕ ಚುರುಕಾಗುತ್ತದೆ, ಲಗೋರಿಯಿಂದ ಏಕಾಗ್ರತೆ ಬೆಳೆಯುತ್ತದೆ ಎನ್ನುತ್ತಾರೆ. ಬೇಸಿಗೆ ಶಿಬಿರಕ್ಕೆ ಶುಲ್ಕ ಕಟ್ಟಿ, ಕೊನೆಯ ದಿನ ಪ್ರಮಾಣಪತ್ರ ಪಡೆಯುತ್ತಾರೆ. ಗದರಿಕೆಗಿಂತ ಈ ಹೊಗಳಿಕೆಯೇ ಆಟಕ್ಕೆ ಹೆಚ್ಚು ಅಪಾಯಕಾರಿ ಎಂದು ನನಗೆ ತೋರುತ್ತದೆ. ಗದರಿಸಿದಾಗ ಮಗು ಹಿತ್ತಲಿಗೆ ಓಡಿಹೋಗಿ ಆಡಬಹುದಿತ್ತು. ಹೊಗಳಿಕೆಯಿಂದ ತಪ್ಪಿಸಿಕೊಂಡು ಹೋಗುವುದೆಲ್ಲಿಗೆ?

ಆಟದ ಪರವಾಗಿ ವಾದಿಸಿದ ಹಿರಿಯರಲ್ಲಿ 13ನೇ ಶತಮಾನದ ಸಂತ ತೋಮಸ್ ಅಕ್ವಿನಾಸರೂ ಒಬ್ಬರು. ತಮ್ಮ ‘ಸುಮ್ಮಾ ತಿಯೊಲೊಜಿಯ’ ಕೃತಿಯಲ್ಲಿ ಅವರು ಒಂದು ಹಳೆಯ ಕಥೆಯನ್ನು ಸ್ಮರಿಸುತ್ತಾರೆ. ಪ್ರೇಷಿತ ಯೊವಾನ್ನರು ಶಿಷ್ಯರೊಡನೆ ಆಡುತ್ತಿದ್ದುದನ್ನು ಕಂಡು ಕೆಲವರು ಮುಖ ಸಿಂಡರಿಸಿದರಂತೆ. ಅವರಲ್ಲಿ ಬಿಲ್ಲು ಹಿಡಿದಿದ್ದ ಒಬ್ಬನಿಗೆ ಯೊವಾನ್ನರು ಬಾಣ ಬಿಡಲು ಹೇಳಿದರು. ಹಲವು ಬಾಣ ಬಿಟ್ಟ ಮೇಲೆ, ಹೀಗೆಯೇ ಎಡೆಬಿಡದೆ ಬಿಡಬಲ್ಲೆಯಾ ಎಂದು ಕೇಳಿದರು. ಬಿಲ್ಲು ಮುರಿದೀತು ಎಂದು ಅವನೇ ಒಪ್ಪಿಕೊಂಡ. ಮನಸ್ಸೂ ಹಾಗೆಯೇ. ತಾನೂ ಆಡದೆ, ಆಡುವವರಿಗೂ ಅಡ್ಡಿಯಾಗುವವನ ನಡತೆಯನ್ನು ಅಕ್ವಿನಾಸರು ದೋಷವೆಂದೇ ಎಣಿಸುತ್ತಾರೆ.

ದೊಡ್ಡವರ ಮಟ್ಟಿಗೆ ಈ ಮಾತು ಸಾಕು. ಮಕ್ಕಳ ಮಟ್ಟಿಗೆ ಸಾಲದು. ಬಿಲ್ಲಿನ ಹೆದೆ ಸಡಿಲಿಸುವುದು ಮತ್ತೆ ಬಾಣ ಬಿಡುವುದಕ್ಕಾಗಿ; ಅಲ್ಲಿ ಆಟ ದುಡಿಮೆಯ ಸೇವಕ. ಮೊದಲ ಮಳೆಯ ಕೆಂಪು ನೀರಿನಲ್ಲಿ ಕಾಗದದ ದೋಣಿ ಬಿಡುವ ಐದು ವರ್ಷದ ಬಾಲಕ ಯಾವ ಕೆಲಸದಿಂದ ದಣಿದು ಬಂದವನು? ಮೋರಿಯ ತಿರುವಿನಲ್ಲಿ ದೋಣಿ ಮಗುಚಿದರೂ ಅವನು ಚಪ್ಪಾಳೆ ತಟ್ಟುತ್ತಾನೆ. ಆ ಆನಂದದಾಚೆಗೆ ಅವನಿಗೆ ಬೇರೆ ಗುರಿಯಿಲ್ಲ.

ಹಾಗೆಂದು ಹಳೆಯ ಕಾಲದ ಬಾಲ್ಯವೆಲ್ಲ ಆನಂದಮಯವಾಗಿತ್ತೆಂದು ಹೇಳಲಾರೆ. ನಮ್ಮ ಕರಾವಳಿಯಲ್ಲಿ ತಾಯಿಯ ಪಕ್ಕ ಕುಳಿತು ಬೀಡಿ ಕಟ್ಟಲು ನೆರವಾಗುತ್ತಿದ್ದ, ಬಯಲುಸೀಮೆಯಲ್ಲಿ ಕುರಿಯ ಹಿಂದೆ ಅಲೆಯುತ್ತಿದ್ದ ಮಕ್ಕಳ ಪಾಲಿಗೆ ಆಟವೆಂಬುದು ಕದ್ದ ಗಳಿಗೆ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯು 31ನೇ ವಿಧಿಯಲ್ಲಿ ವಿರಾಮವನ್ನೂ ಆಟವನ್ನೂ ಹಕ್ಕೆಂದು ಸಾರಿತು. ಭಾರತ 1992ರಲ್ಲಿ ಅದನ್ನು ಒಪ್ಪಿಕೊಂಡಿತು. ಅಂದು ಬಡತನ ಕಸಿದುಕೊಂಡದ್ದನ್ನು ಇಂದು ಅನೇಕ ಮನೆಗಳಲ್ಲಿ ಮಹತ್ವಾಕಾಂಕ್ಷೆ ಕಸಿಯುತ್ತಿದೆ. ಎರಡೂ ಸಮವಲ್ಲ, ನಿಜ. ಆದರೆ ಸಂಜೆ ಐದು ಗಂಟೆಗೆ ಅಂಗಳ ಬರಿದಾಗಿರುವುದು ಎರಡರಲ್ಲೂ ಒಂದೇ.

ಪ್ರವಾದಿ ಜೆಕರ್ಯನ ಗ್ರಂಥದ 8ನೇ ಅಧ್ಯಾಯದಲ್ಲಿ ಒಂದು ನೋಟವಿದೆ. ಬಾಬಿಲೋನಿಯದ ಸೆರೆಯಿಂದ ಮರಳಿದವರು ಪಾಳುಬಿದ್ದ ಜೆರುಸಲೇಮನ್ನು ಮತ್ತೆ ಕಟ್ಟುತ್ತಿದ್ದ ಕಾಲ, ಕ್ರಿಸ್ತಪೂರ್ವ 6ನೇ ಶತಮಾನದ ಕೊನೆ. ಆ ಜನರಿಗೆ ಪ್ರವಾದಿ ತೋರಿಸಿದ್ದು ಬೀದಿಯನ್ನು: ಕೈಯಲ್ಲಿ ಕೋಲು ಹಿಡಿದು ಕುಳಿತ ಮುದುಕ ಮುದುಕಿಯರು, ಆಡುತ್ತಿರುವ ಹುಡುಗ ಹುಡುಗಿಯರು. ಆ ಮಕ್ಕಳು ಏನನ್ನೂ ಕಲಿಯುತ್ತಿಲ್ಲ, ಯಾವುದಕ್ಕೂ ಸಿದ್ಧರಾಗುತ್ತಿಲ್ಲ. ನಗರ ಮತ್ತೆ ನಗರವಾಯಿತು ಎಂಬುದಕ್ಕೆ ಅವರ ಆಟವೇ ಗುರುತು.

ನಮ್ಮ ಎಷ್ಟೋ ದೇವಾಲಯಗಳ ಅಂಗಳಕ್ಕೆ ಈಚೆಗೆ ಸಿಮೆಂಟಿನ ಇಂಟರ್‌ಲಾಕ್ ಹಾಸಲಾಗಿದೆ. ಮಳೆಗಾಲದಲ್ಲಿ ಕೆಸರಿಲ್ಲ, ಹಬ್ಬಕ್ಕೆ ಅಂದ, ವಾಹನ ನಿಲ್ಲಿಸಲು ಅನುಕೂಲ. ಪಾಲನಾ ಸಮಿತಿಗಳನ್ನು ದೂರುವಂತಿಲ್ಲ. ಆದರೆ ಗೋಲಿಯಾಟಕ್ಕೆ ಗುಳಿ ತೋಡಲು ಅಲ್ಲಿ ಮಣ್ಣಿಲ್ಲ. ಒಂದು ಮೂಲೆಯನ್ನಾದರೂ ಹಾಸದೆ ಬಿಡೋಣವೆಂಬ ಮಾತು ಮುಂದಿನ ಸಭೆಯಲ್ಲಿ ಬಂದರೆ, ಅದರಿಂದ ಏನು ಪ್ರಯೋಜನವೆಂದು ಯಾರಾದರೊಬ್ಬರು ಖಂಡಿತ ಕೇಳುತ್ತಾರೆ.