ನನ್ನನ್ನು ಕೇಳಿಸಿಕೊಳ್ಳದ ಜೊತೆಗಾರ

ಎಲೆಕ್ಟ್ರಿಕ್ ಗಿಟಾರ್ ನುಡಿಸುವವರ ಕಾಲ ಬುಡದಲ್ಲಿ ಸಾಲಾಗಿ ಕೂತಿರುವ ಪುಟ್ಟ ಲೋಹದ ಡಬ್ಬಿಗಳನ್ನು ನೀವು ನೋಡಿರ್ತೀರಿ. ಅವಕ್ಕೆ ಪೆಡಲ್ ಅಂತಾರೆ. ಕಾಲಲ್ಲಿ ಒತ್ತಿದರೆ ಗಿಟಾರಿನ ದನಿಯ ಬಣ್ಣ ಬದಲಾಗುತ್ತೆ. ನನ್ನ ಹತ್ತಿರ ಇರೋದು ಸ್ಟ್ರೈಮನ್ ಕಂಪನಿಯ ಮೋಬಿಯಸ್ ಅನ್ನೋ ಮಾಡ್ಯುಲೇಶನ್ ಪೆಡಲ್. ಕೋರಸ್, ಫ್ಲ್ಯಾಂಜರ್, ಫೇಸರ್, ಟ್ರೆಮೊಲೊ, ತಿರುಗುವ ಸ್ಪೀಕರಿನ ನಕಲು, ಹೀಗೆ ಒಂದೇ ಡಬ್ಬಿಯೊಳಗೆ 12 ಬಗೆ. ಇವುಗಳಲ್ಲಿ ನನ್ನನ್ನು ಯೋಚನೆಗೆ ಹಚ್ಚಿದ್ದು ಕೋರಸ್ ಒಂದೇ. ಅದು ಎಬ್ಬಿಸೋ ಪ್ರಶ್ನೆ ಇಷ್ಟು: ಒಬ್ಬನೇ ನುಡಿಸಿದರೂ ಹಲವರು ನುಡಿಸಿದ ಹಾಗೆ ಕೇಳಿಸುವ ಯಂತ್ರ ಕೈಗೆ ಸಿಕ್ಕ ಮೇಲೆ, ಆ ಹಲವರು ಇನ್ನೂ ಬೇಕಾ?

ಮೊದಲು ಅದು ಹೇಗೆ ಕೆಲಸ ಮಾಡುತ್ತೆ ನೋಡೋಣ. ಹತ್ತು ಜನ ಸೇರಿ ಒಂದೇ ಸಾಲು ಹಾಡಿದರೆ ಯಾವ ಇಬ್ಬರೂ ಕರಾರುವಾಕ್ಕಾಗಿ ಒಂದೇ ಥರ ಹಾಡಲ್ಲ. ಒಬ್ಬರು ಕೂದಲೆಳೆಯಷ್ಟು ಮುಂದೆ, ಇನ್ನೊಬ್ಬರ ಶ್ರುತಿ ಕೊಂಚ ಕೆಳಗೆ. ನಮ್ಮ ಕಿವಿ ಆ ವ್ಯತ್ಯಾಸವನ್ನೇ ‘ಜನ’ ಅಂತ ಗುರುತಿಸೋದು. ಒಂದು ದನಿಗೆ ಅದರದ್ದೇ ತದ್ರೂಪಿ ನಕಲನ್ನು ಸೇರಿಸಿದರೆ ಸದ್ದು ಜೋರಾಗುತ್ತೆ ಅಷ್ಟೇ, ಜನ ಹುಟ್ಟಲ್ಲ. ಅದಕ್ಕೇ ಕೋರಸ್ ಪೆಡಲ್ ಗಿಟಾರಿನ ದನಿಯ ನಕಲು ತೆಗೆದು, ಅದನ್ನು ಸುಮಾರು 20 ಮಿಲಿಸೆಕೆಂಡ್ ತಡ ಮಾಡಿ, ಆ ತಡವನ್ನೂ ಮೆಲ್ಲಗೆ ಹೆಚ್ಚುಕಡಿಮೆ ಮಾಡುತ್ತಾ ಇರುತ್ತೆ. ತಡ ಹೆಚ್ಚುತ್ತಿರುವಾಗ ನಕಲಿನ ಶ್ರುತಿ ಒಂಚೂರು ಇಳಿಯುತ್ತೆ, ಕಡಿಮೆಯಾಗುತ್ತಿರುವಾಗ ಒಂಚೂರು ಏರುತ್ತೆ. ಈ ತೂಗಾಡುವ ನಕಲನ್ನು ಮೂಲದ ಜೊತೆ ಬೆರೆಸಿದರೆ ಒಂದು ಗಿಟಾರ್ ಮೂರ್ನಾಲ್ಕಾಗಿ ಕೇಳಿಸುತ್ತೆ.

ಈ ಉಪಾಯಕ್ಕೆ ಒಂದು ಚರಿತ್ರೆ ಇದೆ. 1966ರಲ್ಲಿ ಬೀಟಲ್ಸ್ ತಂಡ ಲಂಡನ್ನಿನ ಸ್ಟುಡಿಯೋದಲ್ಲಿ ‘ರಿವಾಲ್ವರ್’ ಆಲ್ಬಮ್ ಮಾಡುತ್ತಿದ್ದ ಕಾಲ. ದನಿ ತುಂಬಿ ಬರಲಿ ಅಂತ ಗಾಯಕರು ಹಾಡಿದ್ದನ್ನೇ ಅದರ ಮೇಲೆ ಇನ್ನೊಮ್ಮೆ ಹಾಡಬೇಕಿತ್ತು. ಜಾನ್ ಲೆನನ್‌ಗೆ ಈ ಕೆಲಸ ಕಂಡರೆ ಬೇಜಾರು. ಆಗ ಅಲ್ಲಿನ ಇಂಜಿನಿಯರ್ ಕೆನ್ ಟೌನ್‌ಸೆಂಡ್ ಇನ್ನೊಂದು ಟೇಪ್ ಯಂತ್ರ ಜೋಡಿಸಿ, ಅದರ ವೇಗವನ್ನು ಸ್ವಲ್ಪ ಆಚೀಚೆ ಮಾಡುವ ವ್ಯವಸ್ಥೆ ಮಾಡಿದರು. ಒಂದೇ ಸಲ ಹಾಡಿದರೆ ಸಾಕು, ಎರಡನೇ ಸಲದ್ದನ್ನು ಯಂತ್ರ ಹಾಡುತ್ತೆ. 1969ರಲ್ಲಿ ಫಿಲಿಪ್ಸ್ ಸಂಶೋಧನಾಲಯದಲ್ಲಿ ಬಕೆಟ್ ಬ್ರಿಗೇಡ್ ಅನ್ನೋ ಸರ್ಕ್ಯೂಟ್ ಹುಟ್ಟಿತು. ಮನೆಗೆ ಮೋಲ್ಡ್ ಹಾಕುವಾಗ ಕಾಂಕ್ರೀಟ್ ಬಾಂಡ್ಲಿ ಕೈಯಿಂದ ಕೈಗೆ ದಾಟುತ್ತಾ ಮೇಲೇರುತ್ತಲ್ಲ, ಥೇಟ್ ಹಾಗೆಯೇ ಇದರಲ್ಲಿ ದನಿಯ ವಿದ್ಯುತ್ತು ಒಂದು ಕೆಪಾಸಿಟರಿನಿಂದ ಇನ್ನೊಂದಕ್ಕೆ ದಾಟುತ್ತಾ ತಡವಾಗಿ ಹೊರಬರುತ್ತೆ. ಈ ಸರ್ಕ್ಯೂಟಿನಿಂದಾಗಿ ಇಡೀ ಟೇಪ್ ಯಂತ್ರದ ಕೆಲಸ ಪುಟ್ಟ ಚಿಪ್ಪಿಗೆ ಇಳಿಯಿತು. 1975ರಲ್ಲಿ ರೋಲ್ಯಾಂಡ್ ಕಂಪನಿಯ ಜೆಸಿ-120 ಆಂಪ್ಲಿಫೈಯರ್, 1976ರಲ್ಲಿ ಬಾಸ್ ಕಂಪನಿಯ ಸಿಇ-1 ಬಂದವು. ಮೊದಲ ಕೋರಸ್ ಪೆಡಲ್ ಅಂತ ಹೇಳೋದು ಈ ಸಿಇ-1ಗೇ. ಈಗ ಅದೇ ಕೆಲಸವನ್ನು ನಾಲ್ಕು ಸಾಲು ಕೋಡ್ ಮಾಡುತ್ತೆ.

ಇದನ್ನೆಲ್ಲ ಮೋಸ ಅನ್ನುವವರಿದ್ದಾರೆ. ನಾನು ಅನ್ನಲ್ಲ. ಮಿಕ್ಸಿ ಬಂದ ಮೇಲೂ ಒರಳಲ್ಲಿ ರುಬ್ಬಿದ ಚಟ್ನಿಯೇ ಶ್ರೇಷ್ಠ ಅನ್ನುವವರಲ್ಲಿ ಹೆಚ್ಚಿನವರು ರುಬ್ಬಿದವರಲ್ಲ, ತಿಂದವರು. ಹಾಡಿದ್ದನ್ನೇ ಹಾಡುವ ದುಡಿಮೆ ತಪ್ಪಿಸೋದು ಉಪಕಾರವೇ. ಅಷ್ಟಕ್ಕೂ ಲೆನನ್ ಎರಡು ಸಲ ಹಾಡಿದ್ದರೂ ಅಲ್ಲಿ ಇದ್ದವನು ಒಬ್ಬನೇ. ಯಂತ್ರ ಯಾರ ಜಾಗವನ್ನೂ ಕಿತ್ತುಕೊಳ್ಳಲಿಲ್ಲ. ರಾತ್ರಿ ಹನ್ನೊಂದಕ್ಕೆ ಬಾಡಿಗೆ ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ನುಡಿಸುವವನಿಗೆ ಈ ಪೆಡಲ್ ಕೊಡುವ ತುಂಬು ದನಿ ಸಣ್ಣ ಸಂಗತಿಯಲ್ಲ.

ಹಾಗಾದರೆ ಜನಕ್ಕೂ ಜನದ ಹಾಗೆ ಕೇಳಿಸುವುದಕ್ಕೂ ಇರುವ ವ್ಯತ್ಯಾಸ ಏನು? ಕಿವಿಯನ್ನು ಕೇಳಿದರೆ ಅಷ್ಟೇನಿಲ್ಲ ಅನ್ನಬಹುದು. ಆದರೆ ಪೆಡಲಿನ ಒಳಗಿನ ದಾರಿ ನೋಡಿ. ಕೋರಸ್‌ನಲ್ಲಿ ಅಲುಗಾಡೋದು ನಕಲು ಮಾತ್ರ. ಮೂಲ ದನಿಗೆ ‘ಡ್ರೈ ಸಿಗ್ನಲ್’ ಅಂತಾರೆ. ಅದು ಬಂದ ಹಾಗೇ, ಒಂದಿಷ್ಟೂ ಬದಲಾಗದೆ, ಆಚೆ ಹೋಗುತ್ತೆ. ಜೆಸಿ-120ರಲ್ಲಂತೂ ಇದು ಕಣ್ಣಿಗೇ ಕಾಣುತ್ತೆ. ಒಂದು ಸ್ಪೀಕರಿನಲ್ಲಿ ಮೂಲ, ಇನ್ನೊಂದರಲ್ಲಿ ನಕಲು, ಎರಡೂ ಬೆರೆಯೋದು ಗಾಳಿಯಲ್ಲಿ.

ನಮ್ಮೂರ ಗುಡಿಯ ಭಜನೆಯಲ್ಲಿ ಹೀಗೆ ಆಗುತ್ತಿರಲಿಲ್ಲ. ಹಾರ್ಮೋನಿಯಂನವರು ಬಾರದ ದಿನ ಬರೀ ತಾಳ, ಡೋಲಕ್. ಮುಂದೆ ಹೇಳುವವರು ಹುರುಪಿನಲ್ಲಿ ಎತ್ತರಕ್ಕೆ ಎತ್ತಿಕೊಂಡರೆ ಹಿಂದೆ ಕೂತ ವಯಸ್ಸಾದ ಅಜ್ಜಂದಿರಿಗೆ ಉಸಿರು ಸಾಲದು. ಅವರು ಇಳಿಸುತ್ತಿದ್ದರು. ಎರಡು ಸಾಲು ಕಳೆಯೋದರೊಳಗೆ ಮುಂದಿನವರೂ ಇಳಿದಿರುತ್ತಿದ್ದರು. ಕೊನೆಗೆ ಎಲ್ಲರೂ ನಿಂತ ಶ್ರುತಿ ಯಾರೊಬ್ಬರೂ ಆರಿಸಿದ್ದಲ್ಲ. ಅಲ್ಲಿ ಡ್ರೈ ಸಿಗ್ನಲ್ ಅನ್ನೋದೇ ಇರಲಿಲ್ಲ. ಪ್ರತಿಯೊಬ್ಬರ ದನಿಯೂ ಪಕ್ಕದವರಿಂದ ಬದಲಾಗಿಯೇ ಹೊರಬರುತ್ತಿತ್ತು.

ನನ್ನ ಮಟ್ಟಿಗೆ ವ್ಯತ್ಯಾಸ ಇರೋದು ಇಲ್ಲೇ. ಪೆಡಲಿನ ಜೊತೆಗಾರ ನನಗಿಂತ ಬೇರೆ ಅನ್ನಿಸುತ್ತಾನೆ, ಆದರೆ ಎಷ್ಟು ಬೇರೆ ಅನ್ನೋದನ್ನು ಡೆಪ್ತ್ ಅನ್ನೋ ನಾಬ್ ತಿರುಗಿಸಿ ಇಟ್ಟವನು ನಾನು. ಎಷ್ಟು ಬೇಗ ತೂಗಾಡಬೇಕು ಅನ್ನೋದನ್ನು ಸ್ಪೀಡ್ ನಾಬ್‌ನಲ್ಲಿ ಹೇಳಿದವನೂ ನಾನೇ. ನಾನು ತಪ್ಪಿದರೆ 20 ಮಿಲಿಸೆಕೆಂಡ್ ಬಿಟ್ಟು ಅವನೂ ಅದೇ ತಪ್ಪು ಮಾಡುತ್ತಾನೆ. ಸಿಇ-1 ಪೆಡಲಿನಲ್ಲಿ ವೈಬ್ರಾಟೊ ಅನ್ನೋ ಇನ್ನೊಂದು ಸ್ವಿಚ್ ಇದೆ. ಅದನ್ನು ಒತ್ತಿದರೆ ಮೂಲ ದನಿ ಬಿಟ್ಟುಹೋಗಿ ಬರೀ ನಕಲು ಉಳಿಯುತ್ತೆ. ಆಗ ಕೇಳಿಸೋದು ನಡುಗುವ ಒಂಟಿ ಗಿಟಾರ್. ಅಷ್ಟು ಹೊತ್ತು ಇದ್ದ ಗುಂಪು ಎಲ್ಲೂ ಇರಲಿಲ್ಲ.

ಇದು ಬರೀ ಗಿಟಾರಿನ ಮಾತಾಗಿದ್ದರೆ ಬರೆಯುತ್ತಿರಲಿಲ್ಲ. ನಮ್ಮ ವಾಟ್ಸಾಪ್ ಗುಂಪುಗಳನ್ನು ನೋಡಿ. ಹೆಚ್ಚುಕಮ್ಮಿ ಒಂದೇ ಥರದ ಕಾಲೇಜು, ಒಂದೇ ಥರದ ಸಂಬಳ, ಒಂದೇ ಥರದ ಸಿಟ್ಟು. ನಾನೊಂದು ಅಭಿಪ್ರಾಯ ಹಾಕಿದರೆ ಅದೇ ಅಭಿಪ್ರಾಯ ಕೊಂಚ ತಡವಾಗಿ, ಕೊಂಚ ಬೇರೆ ಪದಗಳಲ್ಲಿ ನಾಲ್ಕು ಕಡೆಯಿಂದ ಬರುತ್ತೆ. ನಮಗೆ ಅನ್ನಿಸೋದು ‘ಎಲ್ಲರೂ ಹೀಗೇ ಯೋಚಿಸ್ತಾರೆ’ ಅಂತ. ಆಫೀಸಿನ ಮೀಟಿಂಗಿನಲ್ಲಿ ಸೀನಿಯರ್ ಒಬ್ಬರು ಮಾತಾಡಿದ ಮೇಲೆ ಸಾಲಾಗಿ ಬೀಳುವ ‘ಪ್ಲಸ್ ಒನ್’ಗಳೂ ಇದೇ ಜಾತಿ. ಈಗ ಎಐ ಬೇರೆ ಬಂದಿದೆ. ನನ್ನ ಅರೆಬೆಂದ ಡಿಸೈನನ್ನು ಅದಕ್ಕೆ ಕೊಟ್ಟರೆ ಎಷ್ಟೋ ಸಲ ನನ್ನದೇ ಯೋಚನೆ ನುಣುಪಾಗಿ, ತುಂಬಿಕೊಂಡು ವಾಪಸ್ ಬರುತ್ತೆ. ನಾಬ್ ನನ್ನ ಕೈಯಲ್ಲಿದೆ, ಭಿನ್ನಾಭಿಪ್ರಾಯ ಬೇಡ ಅನ್ನಿಸಿದರೆ ಇಳಿಸಬಹುದು. ಡ್ರೈ ಸಿಗ್ನಲ್ ಹೋದ ಹಾಗೇ ಹೋಗುತ್ತೆ.

ಹಾಗಂತ ಊರಿನ ಭಜನೆಯನ್ನು ಸ್ವರ್ಗ ಮಾಡೋದು ಬೇಡ. ಪಕ್ಕದವರ ದನಿ ಕೇಳಿ ನಮ್ಮ ದನಿ ಬದಲಾಗುತ್ತೆ ಅಂದರೆ ಕೆಟ್ಟದ್ದಕ್ಕೂ ಬದಲಾಗುತ್ತೆ. ಯಾರ ಮನೆ ಹುಡುಗಿ ಯಾರ ಜೊತೆ ಮಾತಾಡಿದಳು, ಯಾರು ಗುಡಿಯ ಒಳಗೆ ಕೂರಬಹುದು, ಯಾರು ಜಗಲಿಯಲ್ಲಿ, ಇದನ್ನೆಲ್ಲ ತೀರ್ಮಾನಿಸುತ್ತಿದ್ದದ್ದೂ ಒಬ್ಬರನ್ನೊಬ್ಬರು ಚೆನ್ನಾಗಿ ಕೇಳಿಸಿಕೊಳ್ಳುತ್ತಿದ್ದ ಅದೇ ಜನ. ನಮ್ಮಲ್ಲಿ ಅನೇಕರು ಬೆಂಗಳೂರಿಗೆ ಬಂದದ್ದು ಕೆಲಸಕ್ಕೆ ಮಾತ್ರವಲ್ಲ, ನಮ್ಮ ಬದುಕಿನ ನಾಬ್ ನಮ್ಮ ಕೈಯಲ್ಲೇ ಇರಲಿ ಅಂತಲೂ. ಆ ಆಸೆಯಲ್ಲಿ ತಪ್ಪೇನಿಲ್ಲ. ಯಾರ ಮಾತಿಗೆ ನಾನು ಶ್ರುತಿ ಬದಲಿಸಬೇಕು ಅನ್ನೋದನ್ನು ಆರಿಸುವ ಹಕ್ಕು ದೊಡ್ಡ ಹಕ್ಕು.

ಕಷ್ಟ ಏನಂದ್ರೆ, ಆರಿಸುತ್ತಾ ಆರಿಸುತ್ತಾ ಕೊನೆಗೆ ನಮ್ಮ ಸುತ್ತ ನಮ್ಮ ನಕಲುಗಳೇ ಉಳಿದುಬಿಡಬಹುದು. ಆಗಲೂ ದನಿ ತುಂಬಿಯೇ ಕೇಳಿಸುತ್ತೆ, ಒಂಟಿತನ ಕಾಣಿಸಲ್ಲ. ಸೋಲೋ ನುಡಿಸುವವನಿಗೆ ತಾನು ಒಬ್ಬನೇ ಅಂತ ಗೊತ್ತಿರುತ್ತೆ. ಕೋರಸ್ ಹಾಕಿಕೊಂಡು ಅದನ್ನು ಮರೆತವನಿಗೆ ಅದೂ ಗೊತ್ತಿರಲ್ಲ.

ಆದ್ದರಿಂದ ಪೆಡಲ್ ಇರಲಿ, ಗುಂಪುಗಳೂ ಇರಲಿ. ಆಗಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಕಳೆದ ಆರು ತಿಂಗಳಲ್ಲಿ ಬೇರೊಬ್ಬರ ಮಾತು ಕೇಳಿ ನಾನು ಯಾವ ಅಭಿಪ್ರಾಯ ಬದಲಿಸಿದೆ? ಒಂದೂ ನೆನಪಾಗದಿದ್ದರೆ, ಸುತ್ತ ಇರುವುದು ಜನವೋ ನನ್ನದೇ 20 ಮಿಲಿಸೆಕೆಂಡ್ ಹಿಂದಿನ ದನಿಯೋ ಅಂತ ಒಮ್ಮೆ ಸ್ವಿಚ್ ಒತ್ತಿ ನೋಡೋದು ಒಳ್ಳೇದು.