ನೆರೆಯವನ ಹೊಸ್ತಿಲಲ್ಲಿ ಕ್ಯಾಮೆರಾ

ಎಂಟನೆಯ ಕಟ್ಟಳೆ ಎಂದೊಡನೆ ನಮ್ಮ ನೆನಪಿಗೆ ಬರುವುದು ನ್ಯಾಯಾಲಯದ ಕಟಕಟೆ, ಇಲ್ಲವೇ ಓಣಿಯ ಚಾಡಿಮಾತು. ಬಾಯಿಂದ ಹೊರಟ ಸುಳ್ಳು ಮಾತ್ರವೇ ಸುಳ್ಳುಸಾಕ್ಷಿ ಎಂದು ನಾವು ತಿಳಿದಿದ್ದೇವೆ. ಆದರೆ ಕಣ್ಣಿಗೆ ಕಂಡದ್ದನ್ನು ಕಂಡಂತೆಯೇ ತೋರಿಸಿಯೂ ನೆರೆಯವನ ವಿರುದ್ಧ ಸುಳ್ಳುಸಾಕ್ಷಿಯಾಗಲು ಸಾಧ್ಯವೇ? ಪ್ರತಿಯೊಬ್ಬರ ಕೈಯಲ್ಲೂ ಕ್ಯಾಮೆರಾ ಇರುವ ಈ ಕಾಲದಲ್ಲಿ ಇದು ಪ್ರತಿ ಕುಟುಂಬವೂ ಕೇಳಿಕೊಳ್ಳಬೇಕಾದ ಪ್ರಶ್ನೆ. ನನ್ನಲ್ಲಿ ಈ ಪ್ರಶ್ನೆಯನ್ನು ತೀವ್ರಗೊಳಿಸಿದ್ದು ಅಮೆರಿಕದ ಒಂದು ಸಾಕ್ಷ್ಯಚಿತ್ರ.

ಕೆಂಟಕಿ ರಾಜ್ಯದ ಪೂರ್ವಭಾಗ ಅಪಲೇಚಿಯ ಪರ್ವತಶ್ರೇಣಿಗೆ ಸೇರಿದ ಸೀಮೆ. ಅಲ್ಲಿನ ಬೆಟ್ಟಗಳ ಒಡಲಲ್ಲಿ ಕಲ್ಲಿದ್ದಲಿದೆ. ಆ ಕಲ್ಲಿದ್ದಲು ದೇಶದ ಕಾರ್ಖಾನೆಗಳನ್ನು ನಡೆಸಿತು. ಅದನ್ನು ಅಗೆದವರ ಮನೆಗಳಲ್ಲಿ ಮಾತ್ರ ಸಂಪತ್ತು ನಿಲ್ಲಲಿಲ್ಲ. ಎರಡನೆಯ ಮಹಾಯುದ್ಧದ ನಂತರ ಗಣಿಗಳಿಗೆ ಯಂತ್ರಗಳು ಬಂದಾಗ ಸಾವಿರಾರು ಮಂದಿ ಕೆಲಸ ಕಳೆದುಕೊಂಡರು. ಅನೇಕರು ಹುಟ್ಟೂರನ್ನು ತೊರೆದು ಉತ್ತರದ ನಗರಗಳಿಗೆ ವಲಸೆ ಹೋದರು. 1964ರ ಜನವರಿಯಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಬಡತನದ ವಿರುದ್ಧ ಸಮರ ಸಾರಿದರು; ಅದೇ ಏಪ್ರಿಲ್‌ನಲ್ಲಿ ಪೂರ್ವ ಕೆಂಟಕಿಗೆ ಬಂದು ಬಡ ಕುಟುಂಬವೊಂದರ ಮನೆಯ ಜಗಲಿಯಲ್ಲಿ ಕುಳಿತರು. ಪತ್ರಕರ್ತರೂ ಟೆಲಿವಿಷನ್ ತಂಡಗಳೂ ಆ ಕಣಿವೆಗಳನ್ನು ಅರಸಿ ಬಂದವು. ಆ ಚಿತ್ರಗಳು ದೇಶದ ಮನಸ್ಸನ್ನು ಕಲಕಿದ್ದು ನಿಜ. ಆದರೆ ತಮ್ಮ ಊರೆಂದರೆ ಬರಿಗಾಲಿನ ಮಕ್ಕಳು, ಮುರಿದ ಬಾಗಿಲು ಇಷ್ಟೇ ಎಂಬಂತೆ ತೋರಿಸಲಾಗುತ್ತಿದೆ ಎಂಬ ನೋವೂ ಅಲ್ಲಿಯ ಜನರಲ್ಲಿ ಬೆಳೆಯುತ್ತಿತ್ತು.

ಈ ಹಿನ್ನೆಲೆಯಲ್ಲಿ 1967ರ ಸೆಪ್ಟೆಂಬರ್‌ನಲ್ಲಿ ಕೆನಡಾದ ಚಿತ್ರ ನಿರ್ದೇಶಕ ಹ್ಯೂ ಓ'ಕಾನರ್ ತಮ್ಮ ತಂಡದೊಡನೆ ಅಲ್ಲಿಯ ಲೆಚರ್ ಕೌಂಟಿಗೆ ಬಂದರು. ಮರುವರ್ಷ ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊ ನಗರದಲ್ಲಿ ನಡೆಯಲಿದ್ದ ಜಾಗತಿಕ ವಸ್ತುಪ್ರದರ್ಶನಕ್ಕಾಗಿ ಅಮೆರಿಕದ ಜನಜೀವನದ ಚಿತ್ರವೊಂದು ಸಿದ್ಧವಾಗುತ್ತಿತ್ತು. ಬಾಡಿಗೆಮನೆಯೊಂದರ ಜಗಲಿಯಲ್ಲಿ, ಆಗತಾನೇ ಗಣಿಯಿಂದ ಬಂದ ಕಾರ್ಮಿಕನೊಬ್ಬ ಮಗುವಿನೊಡನೆ ಕುಳಿತಿದ್ದ. ಮುಖವೆಲ್ಲ ಕಲ್ಲಿದ್ದಲಿನ ಮಸಿ. ಅವನ ಒಪ್ಪಿಗೆ ಪಡೆದೇ ತಂಡ ಚಿತ್ರೀಕರಿಸುತ್ತಿತ್ತು. ಅಷ್ಟರಲ್ಲಿ ಮನೆಯ ಮಾಲೀಕ ಹೋಬರ್ಟ್ ಐಸನ್ ಬಂದೂಕಿನೊಡನೆ ಬಂದು, ತನ್ನ ಜಾಗದಿಂದ ಹೊರಡಿರೆಂದು ಅಬ್ಬರಿಸಿದ. ತಂಡದವರು ಸಲಕರಣೆಗಳನ್ನು ಹೊತ್ತು ಹೊರಡುತ್ತಿದ್ದಾಗಲೇ ಗುಂಡು ಹಾರಿತು. ಓ'ಕಾನರ್ ಅಲ್ಲಿಯೇ ಸತ್ತರು.

ಅದಕ್ಕಿಂತಲೂ ಹೆಚ್ಚು ಯೋಚಿಸುವಂತೆ ಮಾಡುವುದು ಆನಂತರದ ಬೆಳವಣಿಗೆ. ಊರಿನ ಅನೇಕರ ಸಹಾನುಭೂತಿ ಕೊಂದವನ ಕಡೆಗಿತ್ತು. ವಿಚಾರಣೆಯನ್ನು ಪಕ್ಕದ ಹಾರ್ಲನ್ ಕೌಂಟಿಗೆ ವರ್ಗಾಯಿಸಬೇಕಾಯಿತು. ಅಲ್ಲಿಯೂ ಜ್ಯೂರಿ ಸದಸ್ಯರಲ್ಲಿ ಒಮ್ಮತ ಮೂಡಲಿಲ್ಲ. ಎರಡನೆಯ ವಿಚಾರಣೆಗೆ ಮುನ್ನ ಐಸನ್ ನರಹತ್ಯೆಯ ತಪ್ಪೊಪ್ಪಿಕೊಂಡ. ಹತ್ತು ವರ್ಷಗಳ ಶಿಕ್ಷೆಯಾಯಿತು. ಒಂದು ವರ್ಷದಲ್ಲೇ ಪೆರೋಲ್ ಮೇಲೆ ಬಿಡುಗಡೆಯಾದ.

ಈ ಘಟನೆಯ ಕುರಿತು 2000ದಲ್ಲಿ ‘ಸ್ಟ್ರೇಂಜರ್ ವಿತ್ ಎ ಕ್ಯಾಮೆರಾ’ ಎಂಬ ಸಾಕ್ಷ್ಯಚಿತ್ರವನ್ನು ತಯಾರಿಸಿದವರು ಎಲಿಜಬೆತ್ ಬ್ಯಾರೆಟ್. ಅವರು ಅದೇ ಬೆಟ್ಟಗಳ ಮಗಳು. ಜೊತೆಗೆ ಕ್ಯಾಮೆರಾ ಹಿಡಿಯುವುದನ್ನೇ ವೃತ್ತಿಯಾಗಿಸಿಕೊಂಡವರು. ಸತ್ತವನ ಕುಟುಂಬದವರ ದುಃಖವನ್ನೂ ಕೊಂದವನ ಊರಿನವರ ಅವಮಾನವನ್ನೂ ಅವರು ಸಮಾನ ತಾಳ್ಮೆಯಿಂದ ಆಲಿಸುತ್ತಾರೆ. ಕೊಲೆಯನ್ನು ಎಲ್ಲಿಯೂ ಸಮರ್ಥಿಸುವುದಿಲ್ಲ. ಆದರೆ ತಮ್ಮ ವೃತ್ತಿಯನ್ನೂ ಕಟಕಟೆಯಲ್ಲಿ ನಿಲ್ಲಿಸುತ್ತಾರೆ: ಜನರು ತಮ್ಮ ನೆಲವನ್ನು ಕಾಣುವ ಬಗೆಗೂ ಇತರರು ಅದನ್ನು ತೋರಿಸುವ ಬಗೆಗೂ ನಡುವಿನ ಅಂತರಕ್ಕೆ ಹೊಣೆ ಯಾರು?

ಈ ಪ್ರಶ್ನೆಯನ್ನು ನಾನು ದೂರದ ದೇಶದ ಕಥೆಯೆಂದು ಬದಿಗಿಡಲಾರೆ. ಅನೇಕ ವರ್ಷಗಳ ಹಿಂದೆ, ನಾನು ಸಹಾಯಕ ಗುರುವಾಗಿದ್ದಾಗ, ಬಡ ವಿಧವೆಯೊಬ್ಬರಿಗೆ ಮನೆ ಕಟ್ಟಿಕೊಡಲು ದಾನಿಗಳಿಗೆ ಮನವಿ ಕಳುಹಿಸಬೇಕಿತ್ತು. ಕುಸಿದ ಗೋಡೆಯ ಮುಂದೆ ನಿಲ್ಲುವಂತೆ ಆಕೆಗೆ ಹೇಳಿ ಕ್ಯಾಮೆರಾ ಎತ್ತಿದೆ. "ಒಂದು ಗಳಿಗೆ ತಾಳಿ ಸ್ವಾಮಿ, ಸೀರೆ ಬದಲಾಯಿಸಿಕೊಂಡು ಬರುತ್ತೇನೆ" ಎಂದರು. "ಬೇಡಮ್ಮ, ಹೀಗೇ ಇರಲಿ" ಎಂದೆ. ಹರಿದ ಸೀರೆಯೇ ದಾನಿಗಳ ಮನಕರಗಿಸುವುದೆಂದು ನನಗೆ ಗೊತ್ತಿತ್ತು. ಆಕೆ ತಲೆ ತಗ್ಗಿಸಿ ನಿಂತರು. ಹಣ ಬಂತು, ಮನೆಯೂ ಆಯಿತು. ಗೃಹಾಶೀರ್ವಾದದ ದಿನ ಆಕೆ ಪೆಟ್ಟಿಗೆಯಲ್ಲಿದ್ದ ಒಳ್ಳೆಯ ಸೀರೆಯನ್ನುಟ್ಟಿದ್ದರು. ಅಂದು ನನಗೆ ಅವರ ಮುಖ ನೋಡುವುದು ಕಷ್ಟವಾಯಿತು.

ನನ್ನ ಚಿತ್ರದಲ್ಲಿ ಸುಳ್ಳೇನಿತ್ತು? ಗೋಡೆ ಕುಸಿದದ್ದು ನಿಜ, ಸೀರೆ ಹರಿದದ್ದು ನಿಜ. ಆದರೂ ಅದು ಸುಳ್ಳುಸಾಕ್ಷಿಯೇ. ಆಕೆಗೆ ಒಳ್ಳೆಯದೊಂದು ಸೀರೆಯೂ ಅದನ್ನು ಉಟ್ಟುಕೊಳ್ಳುವ ಸ್ವಾಭಿಮಾನವೂ ಇದ್ದವು. ನಾನು ಅವನ್ನು ಚಿತ್ರದಿಂದ ಹೊರಗಿಟ್ಟೆ. ಒಳ್ಳೆಯ ಸೀರೆಯ ಚಿತ್ರ ಕಳುಹಿಸಿದ್ದರೆ ಹಣ ಕಡಮೆ ಬರುತ್ತಿತ್ತೇನೋ. ಇನ್ನೊಂದು ಮಳೆಗಾಲ ಆಕೆ ಆ ಗೋಡೆಯಡಿಯಲ್ಲೇ ಕಳೆಯಬೇಕಾಗುತ್ತಿತ್ತೇನೋ. ಆ ಕಷ್ಟವನ್ನು ಹೊರಬೇಕಾದವಳು ನಾನಲ್ಲ, ಆಕೆ. ಆದುದರಿಂದಲೇ ಈ ಪ್ರಶ್ನೆಗೆ ಸುಲಭದ ಉತ್ತರವಿಲ್ಲ. ಆದರೆ ಮಾನವೋ ಮಳೆಗಾಲವೋ ಎಂದು ತೂಗಿ ನೋಡುವ ಹಕ್ಕು ಆಕೆಯದಾಗಿತ್ತು. ಆ ಹಕ್ಕನ್ನೇ ನಾನು ಕಸಿದುಕೊಂಡಿದ್ದೆ.

ಆದಿಕಾಂಡದಲ್ಲಿ ನೋಹನ ಮಕ್ಕಳ ಪ್ರಸಂಗವಿದೆ. ದ್ರಾಕ್ಷಾರಸದ ಅಮಲಿನಲ್ಲಿ ಬೆತ್ತಲೆಯಾಗಿ ಮಲಗಿದ್ದ ತಂದೆಯನ್ನು ಕಂಡ ಹಾಮನು ಹೊರಗೆ ಹೋಗಿ ಸಹೋದರರಿಗೆ ಸುದ್ದಿ ಹೇಳಿದ. ಅವನು ಹೇಳಿದ್ದು ನಿಜವೇ. ಆದರೆ ಶೇಮ್ ಮತ್ತು ಯೆಫೆತರು ಹಿಮ್ಮುಖವಾಗಿ ನಡೆದು ಬಂದು ತಂದೆಗೆ ವಸ್ತ್ರ ಹೊದಿಸಿದರು. ಹಾಗಾದರೆ ಎಲ್ಲವನ್ನೂ ಮುಚ್ಚಿಡುವುದೇ ಧರ್ಮವೇ? ಅಲ್ಲ. ಶ್ರೀಮಂತನ ಬಾಗಿಲಲ್ಲಿ ಹುಣ್ಣುಗಳಿಂದ ನರಳುತ್ತಾ ಬಿದ್ದಿದ್ದ ಲಾಜರನ ಕಥೆಯನ್ನು ಯೇಸುಸ್ವಾಮಿ ಮುಚ್ಚಿಡಲಿಲ್ಲ. ಹುಣ್ಣುಗಳನ್ನು ನೆಕ್ಕಿದ ನಾಯಿಗಳ ಸಮೇತ ನಮ್ಮ ಕಣ್ಣಮುಂದೆ ಇಟ್ಟರು. ಅನ್ಯಾಯವನ್ನು ಮುಚ್ಚುವ ವಸ್ತ್ರವು ಪ್ರೀತಿಯ ವಸ್ತ್ರವಲ್ಲ. ಕೆಂಟಕಿಯ ಆ ಮಾಲೀಕ ಕಾಯಲು ಹೊರಟದ್ದು ಯಾರ ಮಾನವನ್ನು? ಜಗಲಿಯಲ್ಲಿ ಕುಳಿತಿದ್ದ ಕಾರ್ಮಿಕ ಒಪ್ಪಿಗೆ ಕೊಟ್ಟಿದ್ದ. ಆ ಒಪ್ಪಿಗೆಗೆ ಮಾಲೀಕ ಯಾವ ಬೆಲೆಯನ್ನೂ ಕೊಡಲಿಲ್ಲ.

ಲಾಜರನ ಸಾಮತಿಯಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಿ. ಅಲ್ಲಿ ಬಡವನಿಗೆ ಹೆಸರಿದೆ, ಶ್ರೀಮಂತನಿಗೆ ಹೆಸರಿಲ್ಲ. ನಾವು ಅಚ್ಚುಹಾಕುವ ವರದಿಗಳಲ್ಲಿ ಇದು ತಿರುವುಮುರುವು. ಅಕ್ಕಿಮೂಟೆ ಕೊಟ್ಟವರಿಗೆ ಹೆಸರು, ಹುದ್ದೆ ಎಲ್ಲವೂ ಇರುತ್ತವೆ. ಪಡೆದವರು ಬರೀ ಫಲಾನುಭವಿಗಳು. ಸಮಾರ್ಯದ ಮಹಿಳೆಯ ಬದುಕಿನ ಸತ್ಯವನ್ನು ಹೇಳುವ ಮುನ್ನ ಪ್ರಭು ಆಕೆಯಿಂದ ಕುಡಿಯಲು ನೀರು ಕೇಳಿದರು. ಆಕೆಯ ಮುಂದೆ ಕೈಯೊಡ್ಡಿದ ಮೇಲೆಯೇ ಆಕೆಯ ಕುರಿತು ಮಾತನಾಡಿದರು.

ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್‌ನಲ್ಲಿ ಹೊರಡಿಸಿದ ಸಮಾಜ ಸಂಪರ್ಕ ಸಾಧನಗಳ ಕುರಿತ ‘ಇಂತೆರ್ ಮಿರಿಫಿಕಾ’ ಆಜ್ಞಾಪತ್ರ ಇದನ್ನೇ ಬೋಧಿಸುತ್ತದೆ. ಪ್ರಕಟಿಸುವ ಸಂಗತಿ ಸತ್ಯವಾಗಿದ್ದರೆ ಸಾಲದು. ಅದನ್ನು ಸಂಗ್ರಹಿಸುವ ಮತ್ತು ಪ್ರಕಟಿಸುವ ವಿಧಾನವೂ ನೀತಿಗೆ, ಮಾನವನ ಘನತೆಗೆ ತಕ್ಕುದಾಗಿರಬೇಕು. ಆ ಆಜ್ಞಾಪತ್ರದ ಫಲವಾಗಿ ಮೊದಲ ವಿಶ್ವ ಸಂಪರ್ಕ ಮಾಧ್ಯಮ ದಿನವನ್ನು ಧರ್ಮಸಭೆ ಆಚರಿಸಿದ್ದು 1967ರ ಮೇ ತಿಂಗಳಲ್ಲಿ. ಅದಾದ ನಾಲ್ಕು ತಿಂಗಳಿಗೆ ಕೆಂಟಕಿಯ ಆ ಜಗಲಿಯ ಮುಂದೆ ಗುಂಡು ಹಾರಿತು.

ಆ ಕಣಿವೆಯ ಕಥೆ ಕೊಲೆಯೊಂದಿಗೆ ಮುಗಿಯಲಿಲ್ಲ. 1969ರಲ್ಲಿ ಅದೇ ಲೆಚರ್ ಕೌಂಟಿಯ ವೈಟ್ಸ್‌ಬರ್ಗ್ ಪಟ್ಟಣದಲ್ಲಿ ಸ್ಥಳೀಯ ಯುವಜನರಿಗೆ ಚಲನಚಿತ್ರ ತಯಾರಿಕೆಯನ್ನು ಕಲಿಸುವ ಕಾರ್ಯಾಗಾರ ಆರಂಭವಾಯಿತು. ಅದಕ್ಕೆ ಹಣ ಬಂದದ್ದು ಬಡತನ ನಿವಾರಣೆಯ ಸರಕಾರಿ ಯೋಜನೆಯಿಂದಲೇ. ಮುಂದೆ ‘ಆಪಲ್‌ಶಾಪ್’ ಎಂದು ಹೆಸರಾದ ಆ ಸಂಸ್ಥೆಯಲ್ಲಿ ಗಣಿಸೀಮೆಯ ಮಕ್ಕಳು ತಮ್ಮ ಅಜ್ಜ ಅಜ್ಜಿಯರನ್ನು, ಹಾಡುಗಾರರನ್ನು, ಕುಶಲಕರ್ಮಿಗಳನ್ನು, ಗಣಿಗಳ ಅನ್ಯಾಯವನ್ನೂ ತಾವೇ ಚಿತ್ರಿಸಿದರು. ಬ್ಯಾರೆಟ್ ಕೂಡ ಅಲ್ಲಿಯವರೇ. 2022ರ ಜುಲೈನಲ್ಲಿ ಭೀಕರ ಪ್ರವಾಹದ ನೀರು ಆ ಸಂಸ್ಥೆಯ ಸಂಗ್ರಹಾಲಯಕ್ಕೂ ನುಗ್ಗಿತು. ಕೆಸರು ಮೆತ್ತಿದ ಫಿಲ್ಮ್ ಸುರುಳಿಗಳನ್ನೂ ಟೇಪುಗಳನ್ನೂ ಉಳಿಸಿಕೊಳ್ಳಲು ಬಹಳ ಶ್ರಮಪಡಬೇಕಾಯಿತು. ಕ್ಯಾಮೆರಾ ಒಮ್ಮೆ ಗುಂಡೇಟಿಗೆ ಕಾರಣವಾದ ನೆಲದಲ್ಲೇ ಚಿತ್ರಗಳು ಮನೆಯ ಸೊತ್ತಿನಂತೆ ಕಾಪಾಡಬೇಕಾದ ವಸ್ತುಗಳಾದವು.

ಹಾಗಾದರೆ ಹೊರಗಿನವನು ಕ್ಯಾಮೆರಾ ಮುಟ್ಟಲೇಬಾರದೆಂದಲ್ಲ. ಸ್ವಂತ ಊರಿನವನೂ ತನ್ನವರನ್ನು ಅವಮಾನಿಸಬಲ್ಲ. ಒಳಗಿರುವವರಿಗೆ ಕಾಣದ ಅನ್ಯಾಯ ಹೊರಗಿನವನ ಕಣ್ಣಿಗೆ ಬೀಳಬಹುದು. ಆದರೆ ಅವನು ಅತಿಥಿಯಂತೆ ಬರಬೇಕು. ಅತಿಥಿ ಹೊಸ್ತಿಲಲ್ಲಿ ನಿಂತು ಕರೆಗಾಗಿ ಕಾಯುತ್ತಾನೆ, ಕೊಟ್ಟ ನೀರು ಕುಡಿಯುತ್ತಾನೆ, ಆ ಮನೆಗೆ ಮತ್ತೆ ಬರುವ ಮುಖ ಉಳಿಸಿಕೊಂಡು ಹೊರಡುತ್ತಾನೆ.

ಕ್ರಿಸ್ತಜಯಂತಿಯ ದಾನ ಹಂಚುವಾಗ, ರೋಗಿಯ ಹಾಸಿಗೆಯ ಬಳಿ ನಿಂತಾಗ, ಸಾವಿನ ಮನೆಗೆ ಹೋದಾಗ ನಮ್ಮ ಕೈ ಮೊಬೈಲಿನತ್ತ ಹೋಗುತ್ತದೆ. ಆಗ ಒಂದು ಗಳಿಗೆ ತಾಳೋಣ. ಈ ಚಿತ್ರವನ್ನು ನಾಳೆ ಇದೇ ಮನೆಯವರ ಜೊತೆ ಕುಳಿತು ನೋಡಬಲ್ಲೆನೇ ಎಂದು ಕೇಳಿಕೊಳ್ಳೋಣ. ಆ ತಾಯಿ ನನ್ನಲ್ಲಿ ಬೇಡಿದ್ದೂ ಒಂದೇ ಒಂದು ಗಳಿಗೆಯನ್ನು.